ಒಡೆದ ನೆಲವೂ ಒಂದು ಹಳೆಯ ಮಾತೂ

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ಒಬ್ಬ ದಂಡನಾಯಕನೋ ಹೆಗ್ಗಡೆಯೋ ಒಂದು ದೇಗುಲವನ್ನು ಕಟ್ಟಿಸುತ್ತಾನೆ. ಅದಕ್ಕೆ ಗದ್ದೆ ಬೆದ್ದಲುಗಳನ್ನು ಬಿಡುತ್ತಾನೆ. ಆ ಭೂಮಿಯ ಹುಟ್ಟುವಳಿ ಏತಕ್ಕೆ ಸಲ್ಲಬೇಕೆಂಬುದನ್ನು ಕಲ್ಲಿನ ಮೇಲೆ ಬರೆಯಿಸುತ್ತಾನೆ. ದೇವರ ಅಂಗಭೋಗ ರಂಗಭೋಗಗಳಿಗೆ, ನೈವೇದ್ಯಕ್ಕೆ, ಅನ್ನದಾನಕ್ಕೆ. ಅವುಗಳ ಜೊತೆಯಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಕಟ್ಟಡ ಇನ್ನೂ ಹೊಚ್ಚ ಹೊಸದು. ಗೋಡೆಯ ಮೇಲೆ ಉಳಿಯ ಗುರುತು ಮಾಸಿಲ್ಲ. ಆಗಲೇ ಅದು ಒಡೆಯುವ ದಿನಕ್ಕೆ ಇಷ್ಟು ಗದ್ದೆ ಎಂದು ತೆಗೆದಿಟ್ಟಾಗಿದೆ! ‘ಆಚಂದ್ರಾರ್ಕಸ್ಥಾಯಿ’ ಎಂದು ಹರಸುವ ಜನವೇ ಕಲ್ಲು ಬಿರಿಯುತ್ತದೆ ಎಂಬುದನ್ನೂ ಮರೆತಿರಲಿಲ್ಲ.

ಈ ಸಮಾಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಒಂದು ವೈದ್ಯಶಾಸ್ತ್ರವೇ ಅಡಗಿದೆ. ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಖಂಡವೆಂದರೆ ತುಂಡಾಗಿ ಕಳಚಿಕೊಂಡದ್ದು. ಜೀರ್ಣವೆಂದರೆ ಎಲ್ಲಿಯೂ ಒಡೆಯದಿದ್ದರೂ ಸವೆದು ಸತ್ವ ಕಳೆದುಕೊಂಡದ್ದು. ಮೂರೂ ಬೇರೆ ಬೇರೆ ಕಾಯಿಲೆ. ಶಾಸನ ಬರೆದ ಸೇನಬೋವನು ಇವನ್ನು ಒಂದೇ ಉಸಿರಿನಲ್ಲಿ ಹೇಳಿದನೇ ಹೊರತು ಒಂದೇ ಎಂದು ಹೇಳಲಿಲ್ಲ. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಆ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ದೇಗುಲವಿದೆ. ಅಲ್ಲಿನ ದೊಡ್ಡ ಶಾಸನದ ಪದ್ಯಗಳು ಜನ್ನನವು ಎಂದು ಪ್ರಸಿದ್ಧಿ. ಸಾಹಿತ್ಯದ ಅಭಿಮಾನಿಗಳು ಇಂಥ ಶಾಸನಗಳ ಪದ್ಯಭಾಗದಲ್ಲಿ ನಿಂತುಬಿಡುತ್ತಾರೆ. ಗದ್ದೆ, ಗಡಿ, ತೆರಿಗೆ, ದುರಸ್ತಿಗಳ ಗದ್ಯಭಾಗವನ್ನು ಇತಿಹಾಸದವರಿಗೆ ಬಿಟ್ಟುಕೊಡುವುದು ವಾಡಿಕೆ. ಆದರೆ ಕಟ್ಟಡವನ್ನು ಎಂಟುನೂರು ವರ್ಷ ನಿಲ್ಲಿಸುವ ವಿದ್ಯೆ ಇರುವುದು ಆ ಗದ್ಯದಲ್ಲಿ ಎಂದು ನನಗೆ ತೋರುತ್ತದೆ.

ನಾನು ಈಗ ಹೇಳಹೊರಟಿರುವುದು ದೇಗುಲದ ವಿಷಯವಲ್ಲ, ಗೋದಾಮಿನ ವಿಷಯ. ಅದರಲ್ಲಿಯೂ ಗೋದಾಮಿನ ನೆಲದ ವಿಷಯ. ಕಡೂರಿನ ಕೊಬ್ಬರಿ ಮಂಡಿ, ಎಣ್ಣೆ ಗಿರಣಿಗಳು, ತರೀಕೆರೆಯ ಅಡಿಕೆ ಮಂಡಿ, ಅಕ್ಕಿ ಗಿರಣಿಗಳು, ಅಜ್ಜಂಪುರದ ಈರುಳ್ಳಿ, ಕಾಳುಗಳ ಉಗ್ರಾಣಗಳು—ಇವುಗಳೊಳಗೆ ಹೋದವರು ಮೇಲೆ ನೋಡುತ್ತಾರೆ, ಮೂಟೆಗಳನ್ನು ನೋಡುತ್ತಾರೆ, ತಕ್ಕಡಿಯನ್ನಂತೂ ನೋಡಿಯೇ ನೋಡುತ್ತಾರೆ. ನೆಲವನ್ನು ನೋಡುವವರಿಲ್ಲ. ನೆಲ ಹೇಗಿದೆಯೆಂದು ಬಲ್ಲವರು ಇಬ್ಬರೇ: ಮೂಟೆ ಹೊರುವ ಹಮಾಲಿ ಮತ್ತು ಕಸ ಹೊಡೆಯುವ ಹೆಂಗಸು. ಐವತ್ತು ಕಿಲೋ ಮೂಟೆಯನ್ನು ಬೆನ್ನ ಮೇಲೆ ಏರಿಸಿಕೊಂಡವನು ಕಾಲ ಬುಡವನ್ನು ಬಗ್ಗಿ ನೋಡಲಾರ. ನೆಲವನ್ನು ನಂಬಿ ಹೆಜ್ಜೆ ಇಡುತ್ತಾನೆ. ಆ ನಂಬಿಕೆ ತಪ್ಪಿ ಹಳ್ಳದ ಅಂಚಿನಲ್ಲಿ ಪಾದ ಹೊರಳಿದರೆ ಮುರಿಯುವುದು ಮೂಟೆಯಲ್ಲ. ಗುಡಿಸುವವಳಿಗೋ, ಬೆಳಗ್ಗೆ ಗುಡಿಸಿದ ನೆಲದಿಂದಲೇ ಮಧ್ಯಾಹ್ನಕ್ಕೆ ಮತ್ತೆ ಬೂದುಬಣ್ಣದ ಧೂಳು ಏಳುತ್ತದೆ. ಅದು ಹೊರಗಿನಿಂದ ಬಂದ ಧೂಳಲ್ಲ, ನೆಲವೇ ಪುಡಿಯಾಗಿ ಏಳುವುದು. ಕಾಳಿನೊಡನೆ ಬೆರೆಯುವುದು ಅದೇ, ಅವಳ ಎದೆಗೆ ಇಳಿಯುವುದೂ ಅದೇ.

ನಮ್ಮ ಕಡೆಯ ಮೊದಲನೆಯ ಕೆಲಸದ ನೆಲವೆಂದರೆ ಕಣ. ಇದಕ್ಕಿಂತ ಹಳೆಯ ಕಾರ್ಖಾನೆ ನಮ್ಮಲ್ಲಿ ಇಲ್ಲ. ಸುಗ್ಗಿಗೆ ಮುನ್ನ ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಎತ್ತು ಓಡಾಡಿಸಿ ತುಳಿಸಿ, ಗುಂಡು ಉರುಳಿಸಿ, ಕಡೆಯಲ್ಲಿ ಸಗಣಿಯಿಂದ ಸಾರಿಸಿದರೆ ಕಣ ಸಿದ್ಧ. ಬಿಸಿಲಿಗೆ ಬಿರಿದರೆ ಮತ್ತೆ ಸಾರಿಸು. ರೋಣಗಲ್ಲು ಒಂದೆಡೆ ನೆಲವನ್ನು ಕಿತ್ತರೆ ಹಿಡಿ ಜೇಡಿಯನ್ನು ಒತ್ತಿ ಮತ್ತೆ ಸಾರಿಸು. ಮರುವರ್ಷ ಎಲ್ಲವನ್ನೂ ಮೊದಲಿನಿಂದ ಮಾಡು. ಕಣಕ್ಕೆ ದುರಸ್ತಿ ಎಂಬ ಬೇರೆ ಕೆಲಸವೇ ಇರಲಿಲ್ಲ, ದುರಸ್ತಿಯೇ ಕಣವಾಗಿತ್ತು. ಅಡಿಕೆ ಒಣಗಿಸುವ ಅಂಗಳಕ್ಕೂ ಇದೇ ಮಾತು ಸಲ್ಲುತ್ತದೆ.

ಕಣದ ನಂತರ ಬಂದದ್ದು ಗಾರೆ. ಕಲ್ಲುಸುಣ್ಣವನ್ನು ಅರಳಿಸಿ, ಮರಳು ಅಥವಾ ಇಟ್ಟಿಗೆಯ ಪುಡಿಯನ್ನು, ಎಂದರೆ ಸುರ್ಕಿಯನ್ನು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ದಿನಗಟ್ಟಲೆ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿ, ಹರವಿ, ಮರದ ಹಲಗೆಗಳಿಂದ ಬಡಿದು ಬಡಿದು ಗಟ್ಟಿಮಾಡಿದ ನೆಲ. ಸುಟ್ಟ ಜೇಡಿಯ ಪುಡಿ ಸುಣ್ಣದೊಡನೆ ಸೇರಿದರೆ ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ರೋಮನರು ಜ್ವಾಲಾಮುಖಿಯ ಬೂದಿಯಿಂದ ಮಾಡಿದ್ದನ್ನು ನಮ್ಮವರು ಇಟ್ಟಿಗೆಯಿಂದ ಮಾಡಿದರು, ಅಷ್ಟೆ. ಇದರ ಬಲವೆಷ್ಟು ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದ ಕೆರೆಯ ಕಡೆಯಿಂದ ಆವತಿ ಬಂದು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ವೇದಾವತಿಯನ್ನು ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ತಡೆದು ನಿಲ್ಲಿಸಿರುವ ಕಟ್ಟೆ 1907ರಲ್ಲಿ ಮುಗಿದದ್ದು ಸುಣ್ಣದ ಗಾರೆಯಲ್ಲಿ. 1911ರಲ್ಲಿ ಮೊದಲಾದ ಕನ್ನಂಬಾಡಿಯ ಕಟ್ಟೆಗೂ ಸುರ್ಕಿಯೇ ಗತಿಯಾಯಿತು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು; 1904ರಲ್ಲಿ ಮದರಾಸಿನಲ್ಲಿ ಅದು ತಯಾರಾಗತೊಡಗಿತ್ತು; 1914ರಲ್ಲಿ ಪೋರ್‌ಬಂದರಿನ ಕಾರ್ಖಾನೆ ಕೆಲಸ ಮಾಡಿತು. ಆದರೂ ಮೈಸೂರು ಸೀಮೆಯ ಒಳನಾಡಿಗೆ ಅದು ದುಬಾರಿಯ ಸಾಮಾನಾಗಿಯೇ ಉಳಿದಿತ್ತು.

ಬೆಂಗಳೂರಿನಿಂದ ಹರಿಹರದ ಕಡೆಗೆ ಹಾಕಿದ ರೈಲು 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಒಂದು ದಾರದಲ್ಲಿ ಪೋಣಿಸಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ದಾರಿ ತರೀಕೆರೆಯನ್ನು ಸೇರಿಸಿಕೊಂಡಿತು. ರೈಲು ಬಂದ ಕಡೆ ಸರಕು ಕಾಯುತ್ತದೆ. ಸರಕು ಕಾಯುವ ಕಡೆ ಸೂರೂ ನೆಲವೂ ಬೇಕು. ನಾನು ನೋಡಿದ ಹಳೆಯ ಮಂಡಿಗಳಲ್ಲಿ ಕೆಲವಕ್ಕೆ ಕಲ್ಲುಚಪ್ಪಡಿ, ಕೆಲವಕ್ಕೆ ಗಾರೆ. ಚಪ್ಪಡಿಯ ನೆಲದ ದುರಸ್ತಿ ಸುಲಭ: ಒಡೆದ ಕಲ್ಲನ್ನು ಹಾರೆಯಿಂದ ಎಬ್ಬಿಸಿ ಬೇರೆ ಕಲ್ಲನ್ನು ಕೂರಿಸುವುದು. ಗಾರೆಯ ನೆಲಕ್ಕೆ ಮತ್ತೆ ಗಾರೆಯನ್ನೇ ಮೆತ್ತಬೇಕು. ಅದರ ಹಳ್ಳಕ್ಕೆ ಸಿಮೆಂಟು ತುಂಬಿದರೆ ತುಂಬಿದ್ದು ನಿಲ್ಲುತ್ತದೆ, ಸುತ್ತಲಿನ ಗಾರೆ ಒಡೆಯುತ್ತದೆ. ಮೆತ್ತನೆಯವರ ನಡುವೆ ಒಬ್ಬ ಗಡುಸಿನವನನ್ನು ಕೂರಿಸಿದ ಹಾಗೆ.

ಸಿಮೆಂಟು ನಮ್ಮ ಹಿತ್ತಲಿಗೇ ಬಂದದ್ದು ಭದ್ರಾವತಿಯಿಂದ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿತು. ಅದಿರು ಹೋದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ, ಹಗ್ಗದ ದಾರಿಯಲ್ಲಿ ಬೆಟ್ಟ ಇಳಿದು. 1938ರ ಸುಮಾರಿಗೆ ಆ ಕಾರ್ಖಾನೆಯ ಜೊತೆಯಲ್ಲಿಯೇ ಸಿಮೆಂಟಿನ ವಿಭಾಗವೂ ಏರ್ಪಟ್ಟಿತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ಮೊದಲಾಗಿ 1965ರಲ್ಲಿ ಮುಗಿಯಿತು. ನಮ್ಮ ಸೀಮೆಯ ಎಷ್ಟೋ ಗಾರೆ ಕೆಲಸದವರ ಮನೆತನಗಳಲ್ಲಿ ಕಾಂಕ್ರೀಟಿನ ವಿದ್ಯೆ ಬಂದದ್ದು ಡ್ಯಾಮಿನ ಕೆಲಸದಿಂದ ಎಂಬ ಮಾತನ್ನು ಕೇಳಿದ್ದೇನೆ. ಆಮೇಲೆ ಕಟ್ಟಿದ ಗಿರಣಿಗಳ, ಗೋದಾಮುಗಳ ನೆಲವೆಲ್ಲ ಕಾಂಕ್ರೀಟು.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಸಿಮೆಂಟನ್ನು ಕೊಟ್ಟ ಅದೇ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣ ಹರಿಯುವ ಜಾಗಕ್ಕೆ ಕಾಂಕ್ರೀಟು ಸಲ್ಲದು. ಕಾದ ಕಬ್ಬಿಣ ಬಿದ್ದರೆ ಕಾಂಕ್ರೀಟಿನೊಳಗೆ ಅಡಗಿದ ನೀರು ಹಬೆಯಾಗಿ ಸಿಡಿದು ಚಕ್ಕೆ ಏಳುತ್ತದೆ. ಆದ್ದರಿಂದ ಊದುಕುಲುಮೆಯ ಮುಂದೆ ಮರಳಿನ ನೆಲವನ್ನು ಮಾಡಿ, ಅದರಲ್ಲಿ ಕಾಲುವೆ ತೋಡಿ, ಕಬ್ಬಿಣ ಹರಿಸಿ, ಪ್ರತಿ ಸಲವೂ ಮರಳನ್ನು ಹೊಸದಾಗಿ ಹದಮಾಡುವುದು ಎಲ್ಲ ದೇಶಗಳ ಹಳೆಯ ಪದ್ಧತಿ. ನಮ್ಮ ಕಣದ ಪದ್ಧತಿಯೂ ಇದೇ ಅಲ್ಲವೆ?

ಕಾಂಕ್ರೀಟು ಬಂದದ್ದು ಮಾತ್ರ ಬೇರೆ ಮಾತಿನೊಡನೆ. ಒಮ್ಮೆ ಹಾಕಿದರೆ ಆಯಿತು, ಇನ್ನು ನೋಡಬೇಕಾದ್ದಿಲ್ಲ ಎಂಬ ಮಾತು ಅದು. ಕಟ್ಟಡದ ಅಂದಾಜುಪಟ್ಟಿಯಲ್ಲಿ ಜಲ್ಲಿಗೆ ಇಷ್ಟು, ಮರಳಿಗೆ ಇಷ್ಟು, ಕೂಲಿಗೆ ಇಷ್ಟು ಎಂದು ಇರುತ್ತದೆ. ಖಂಡಸ್ಫುಟಿತಕ್ಕೆ ಇಷ್ಟು ಎಂದು ಬರೆದ ಅಂದಾಜುಪಟ್ಟಿಯನ್ನು ನಾನಂತೂ ಕಂಡಿಲ್ಲ. ನೆಲ ಒಡೆದ ದಿನ ಯಜಮಾನನಿಗೆ ಅದು ಮೋಸದಂತೆ ಕಾಣುತ್ತದೆ. ಯಾರನ್ನೋ ಬಯ್ದು, ಎರಡು ಚೀಲ ಸಿಮೆಂಟು ತರಿಸಿ, ತಿಳಿಯಾಗಿ ಕಲಸಿ ಸುರಿಸಿಬಿಡುತ್ತಾನೆ. ನಾಲ್ಕು ತಿಂಗಳಿಗೆ ಅದು ಹಪ್ಪಳದ ಹಾಗೆ ಏಳುತ್ತದೆ.

ಯಾಕೆ ಏಳುತ್ತದೆ ಎಂಬುದಕ್ಕೆ ಉತ್ತರವಿದೆ. 1918ರಲ್ಲಿ ಶಿಕಾಗೋದ ಡಫ್ ಏಬ್ರಮ್ಸ್ ಎಂಬಾತನು ಅಸಂಖ್ಯ ಪರೀಕ್ಷೆಗಳ ಫಲವಾಗಿ ಒಂದು ನಿಯಮವನ್ನು ಹೇಳಿದನು: ಕಾಂಕ್ರೀಟಿನ ಬಲವು ಸಿಮೆಂಟಿಗೆ ಎಷ್ಟು ನೀರು ಹಾಕಿದೆ ಎಂಬುದರ ಮೇಲೆ ನಿಂತಿದೆ, ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಐವತ್ತು ಕಿಲೋ ಚೀಲಕ್ಕೆ ಇಪ್ಪತ್ತೆರಡರಿಂದ ಇಪ್ಪತ್ತೈದು ಲೀಟರು ನೀರು ನೆಲಕ್ಕೆ ಸಾಕು. ಅದು ಗಟ್ಟಿಯಾದ ಕಲಸು. ಸಲಿಕೆಗೆ ಬಾರದು, ಹರಡಲು ರಟ್ಟೆ ನೋಯುತ್ತದೆ. ಕೆಲಸದವರು ಇನ್ನೆರಡು ಬಕೆಟ್ಟು ಹಾಕಿಕೊಳ್ಳುತ್ತಾರೆ. ಹೆಚ್ಚಾದ ನೀರು ಮೇಲೆ ಬರುವಾಗ ನಯವಾದ ಸಿಮೆಂಟನ್ನೂ ಮಣ್ಣಿನ ಅಂಶವನ್ನೂ ಹೊತ್ತು ತರುತ್ತದೆ. ಕರಣೆಯಿಂದ ಉಜ್ಜಿದಾಗ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಯಜಮಾನನಿಗೆ ಸಂತೋಷ! ಆ ಹೊಳಪೇ ನೆಲದ ಅತ್ಯಂತ ದುರ್ಬಲವಾದ ಪದರ.

ಕಡೂರಿನಲ್ಲಿ ಇದರ ಜೊತೆಗೆ ಗಾಳಿಯೂ ಸೇರುತ್ತದೆ. ಮಳೆಯ ನೆರಳಿನ ಬಯಲುಸೀಮೆ. ಬೇಸಗೆಯ ಒಣಗಾಳಿ ಹಸಿ ಕಾಂಕ್ರೀಟಿನ ನೀರನ್ನು ಗಂಟೆಗಳಲ್ಲಿ ಹೀರುತ್ತದೆ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು. ಕನಿಷ್ಠ ಏಳು ದಿನವಾದರೂ ಅದಕ್ಕೆ ನೀರುಣಿಸಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಆ ಮಾನಕ ಮೊದಲು ಪ್ರಕಟವಾದದ್ದು 1953ರಲ್ಲಿ. ಎರಡನೆಯ ದಿನವೇ ಮೂಟೆ ಇಳಿಸಿದ ನೆಲಗಳು ಕಡೂರಿನಲ್ಲಿ ಬೇಕಾದಷ್ಟಿವೆ. ಅವು ಒಡೆಯುವುದಿಲ್ಲ, ಉದುರುತ್ತವೆ. ಇದು ಜೀರ್ಣ. ಬೆರಳಿನಿಂದ ಉಜ್ಜಿದರೆ ಬೂದಿ ಹತ್ತುತ್ತದೆ. ಕಾಯಿಲೆ ಮೇಲುಮೇಲಿನದಾಗಿದ್ದರೆ ಸೋಡಿಯಂ ಸಿಲಿಕೇಟಿನ ತೆಳು ದ್ರಾವಣವನ್ನು ಎರಡು ಮೂರು ಸಲ ಹಚ್ಚಿದರೆ ಅದು ನೆಲದೊಳಗಿನ ಸುಣ್ಣದೊಡನೆ ಸೇರಿ ರಂಧ್ರಗಳನ್ನು ಬಿಗಿಮಾಡುತ್ತದೆ. ಆಳಕ್ಕೆ ಇಳಿದಿದ್ದರೆ ಆ ಪದರವನ್ನು ಕೆರೆದೇ ತೆಗೆಯಬೇಕು. ಅದರ ಮೇಲೆ ಬಣ್ಣ ಬಳಿಯುವವರು ಧೂಳಿಗೆ ಬಣ್ಣ ಬಳಿಯುತ್ತಿರುತ್ತಾರೆ.

ತರೀಕೆರೆಯ ಕಡೆಯ ತೊಂದರೆ ನೀರು ಕಡಿಮೆಯಾಗಿ ಬರುವುದಲ್ಲ. ಅಲ್ಲಿ ನನ್ನ ಕುತೂಹಲವನ್ನು ಕೆರಳಿಸಿದ್ದು ಆಲೆಮನೆ. ಗಾರೆಗೆ ಬೆಲ್ಲದ ನೀರು ಮಿತ್ರನಾಗಿತ್ತೆಂದು ಮೇಲೆ ಹೇಳಿದೆ. ಸಿಮೆಂಟಿಗೆ ಅದೇ ಬೆಲ್ಲ ಶತ್ರು. ಸಿಮೆಂಟಿನ ತೂಕದ ಸಾವಿರದಲ್ಲಿ ಒಂದು ಪಾಲು ಸಕ್ಕರೆ ಬೆರೆತರೂ ಅದು ಹೊತ್ತಿಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾದ ಮೇಲಾದರೂ ಬಿಡುತ್ತದೆಯೇ? ಚೆಲ್ಲಿದ ಕಬ್ಬಿನಹಾಲು ಹುಳಿಯುತ್ತದೆ. ಆ ಹುಳಿ ಕಾಂಕ್ರೀಟಿನ ಸುಣ್ಣವನ್ನು ತಿನ್ನುತ್ತದೆ. ಜಲ್ಲಿ ಹಲ್ಲು ಕಿರಿದುಕೊಂಡು ಮೇಲೆ ನಿಲ್ಲುತ್ತದೆ. ಎಣ್ಣೆ ಗಿರಣಿಯಲ್ಲಿಯೂ ಹೀಗೆಯೇ: ಹಳಸಿದ ಎಣ್ಣೆಯ ಆಮ್ಲ ಸುಣ್ಣದೊಡನೆ ಕೂಡಿ ಒಂದು ಬಗೆಯ ಸಾಬೂನಾಗುತ್ತದೆ. ನೆಲ ಮೆತ್ತಗಾಗುವುದರ ಜೊತೆಗೆ ಜಾರುವುದಕ್ಕೂ ತೊಡಗುತ್ತದೆ. ಇಂಥ ನೆಲಕ್ಕೆ ಸಾದಾ ಸಿಮೆಂಟನ್ನು ಮತ್ತೆ ಮತ್ತೆ ಹಾಕುವುದು ಇಲಿಗೆ ಮತ್ತೆ ಮತ್ತೆ ಕೊಬ್ಬರಿ ಇಟ್ಟ ಹಾಗೆ. ಎಣ್ಣೆ ಹೀರಿದ ಭಾಗವನ್ನು ಪೂರ್ತಿ ಕಡಿದು ತೆಗೆದು, ಹುಳಿ ತಾಗುವ ಕಡೆ ಗಟ್ಟಿ ಕಲ್ಲುಚಪ್ಪಡಿಯನ್ನೋ ಆಮ್ಲಕ್ಕೆ ತಡೆಯುವ ಲೇಪವನ್ನೋ ಹಾಕಿ, ನೆಲಕ್ಕೆ ಇಳಿಜಾರು ಕೊಟ್ಟು ಚೆಲ್ಲಿದ್ದು ಕೂಡಲೇ ತೊಳೆದುಹೋಗುವಂತೆ ಮಾಡುವುದೊಂದೇ ದಾರಿ.

ಎಲ್ಲಕ್ಕಿಂತ ಕಠಿಣವಾದದ್ದು ಅಜ್ಜಂಪುರದ ಸಮಸ್ಯೆ. ಬಹುಕಾಲ ತರೀಕೆರೆಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾಗಿರುವ ಈ ಊರಿನ ಸುತ್ತ ಎರೆಭೂಮಿ ಇದೆ. ಎರೆಮಣ್ಣಿನ ಗುಣವನ್ನು ರೈತನಿಗೆ ಹೇಳಿಕೊಡಬೇಕಾದ್ದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಬೆಳೆಗೆ ಅದು ಒಳ್ಳೆಯದೇ. ಅದರ ಮೇಲೆ ಆರಂಗುಲದ ಕಾಂಕ್ರೀಟು ಹಾಸಿದರೆ ಏನಾಗುತ್ತದೆ? ಮಳೆಗಾಲದಲ್ಲಿ ಗೋಡೆಯ ಅಂಚಿನಿಂದ ನೀರು ಇಳಿದ ಕಡೆ ಮಣ್ಣು ಉಬ್ಬಿ ನೆಲವನ್ನು ಎತ್ತುತ್ತದೆ; ಒಳಗಿನ ಭಾಗ ಒಣಗಿ ತಗ್ಗಿನಲ್ಲಿ ಉಳಿಯುತ್ತದೆ. ಕಾಂಕ್ರೀಟಿಗೆ ಭಾರ ಹೊರುವ ಶಕ್ತಿಯಿದೆ, ಬಾಗುವ ಶಕ್ತಿ ಇಲ್ಲ. ಅದು ಸ್ಫುಟಿತವಾಗುತ್ತದೆ.

ಅಂಥ ಒಂದು ಉಗ್ರಾಣವನ್ನು ನೋಡಲು ಹೋಗಿದ್ದೆ. ಉದ್ದಕ್ಕೆ ಒಂದು ಬಿರುಕು; ಅದರ ಮೇಲೆ ಮೂರು ಸಲ ಸಿಮೆಂಟು ತುಂಬಿದ ಗುರುತು; ಮೂರನ್ನೂ ಸೀಳಿಕೊಂಡು ಅದೇ ಬಿರುಕು. ಕೆಲಸ ಹಿಡಿದಿದ್ದ ಹಿರಿಯ ಮೇಸ್ತ್ರಿ ಸಿಮೆಂಟಿನ ಚೀಲವನ್ನು ಮುಟ್ಟಲೇ ಇಲ್ಲ. ಮೊದಲು ಹೊರಗೆ ಹೋಗಿ ಗೋಡೆಯ ಬುಡವನ್ನು ನೋಡಿದರು. ಸೂರಿನ ನೀರು ಬೀಳುವ ಜಾಗದಲ್ಲಿ ಮೋರಿ ಇರಲಿಲ್ಲ.

“ನೆಲ ಯಾವಾಗ ಹಾಕ್ತೀರಿ, ಮೇಸ್ತ್ರಿಗಳೇ?” ಎಂದೆ.

“ಈ ಮಳೆಗಾಲ ಹೋಗ್ಲಿ, ಮೇಷ್ಟ್ರೇ. ಮೊದ್ಲು ಹೊರಗಡೆ ನೀರು ನಿಲ್ಲಿಸ್ಬೇಕು. ಇದು ಇನ್ನೂ ಉಸಿರಾಡೋ ಬಿರುಕು. ಉಸಿರಾಡೋದ್ರ ಬಾಯಿ ಮುಚ್ಚಕಾಗುತ್ತಾ?”

ಅವರು ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ ದಿನಾಂಕ ಬರೆದಿದ್ದರು. ಬಿರುಕು ಚಲಿಸಿದರೆ ಗಾಜು ಒಡೆಯುತ್ತದೆ, ಚಲಿಸದಿದ್ದರೆ ಉಳಿಯುತ್ತದೆ. ಇದು ಪ್ರಪಂಚದ ಎಲ್ಲ ಕಡೆಯ ಎಂಜಿನಿಯರುಗಳೂ ಬಳಸಿದ ಹಳೆಯ ಸಾಕ್ಷಿ. ಸತ್ತ ಬಿರುಕನ್ನು ಎಪಾಕ್ಸಿ ಎಂಬ ಅಂಟಿನಿಂದ ತುಂಬಿ ಎರಡು ಭಾಗಗಳನ್ನು ಒಂದುಮಾಡಬಹುದು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಅದರ ಮೊದಲಿಗರಲ್ಲಿ ಒಬ್ಬನು. ಜೀವಂತ ಬಿರುಕಿಗೆ ಎಪಾಕ್ಸಿ ಹಾಕಿದರೆ ಅಂಟು ಹಿಡಿದೇ ಹಿಡಿಯುತ್ತದೆ, ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಅದನ್ನು ನೇರವಾಗಿ ಕೊರೆದು ಒಂದು ಸಂದಿಯನ್ನಾಗಿ ಒಪ್ಪಿಕೊಂಡು, ಹಿಗ್ಗಿ ಕುಗ್ಗುವ ಮೆತ್ತನೆಯ ವಸ್ತುವಿನಿಂದ ತುಂಬುವುದು ಜಾಣತನ.

ಎರೆಮಣ್ಣಿನ ಮೂಲಚಿಕಿತ್ಸೆ ಮಾತ್ರ ನೆಲದ ಅಡಿಯಲ್ಲಿದೆ. ಮುಂಬಯಿಯ ಐ.ಐ.ಟಿ.ಯ ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯವನ್ನು ನಮ್ಮ ಮಲಪ್ರಭೆಯ ಕಾಲುವೆಯಲ್ಲಿಯೇ ಬಳಸಿದರು: ಎರೆಮಣ್ಣನ್ನು ಒಂದಷ್ಟು ಆಳ ತೆಗೆದು, ಉಬ್ಬದ ಆದರೆ ಒಂದಕ್ಕೊಂದು ಅಂಟಿ ನಿಲ್ಲುವ ಗರಸಿನಂಥ ಮಣ್ಣನ್ನು ಸುಮಾರು ಒಂದು ಮೀಟರಿನವರೆಗೆ ಪದರಪದರವಾಗಿ ದಿಮ್ಮಿಸಿ ತುಂಬುವುದು. ಅಂಥ ಪದರ ಕೆಳಗಿನ ಮಣ್ಣಿನ ಉಬ್ಬುವಿಕೆಯನ್ನು ಅದುಮಿ ಹಿಡಿಯುತ್ತದೆ. ಇದು ಹೊಸ ಕಟ್ಟಡಕ್ಕೆ ಸರಿ. ನಿಂತ ಉಗ್ರಾಣದ ನೆಲವನ್ನು ಪೂರ್ತಿ ಕಿತ್ತು ಮಾಡುವ ಧೈರ್ಯ ಯಾವ ಯಜಮಾನನಿಗೂ ಸುಲಭಕ್ಕೆ ಬಾರದು; ದುಡ್ಡಿನ ಮಾತು ಹಾಗಿರಲಿ, ಅಷ್ಟು ದಿನ ಮೂಟೆಗಳನ್ನು ಎಲ್ಲಿ ಇಡುವುದು? ಆದ್ದರಿಂದ ಮೇಸ್ತ್ರಿಯ ಮೋರಿಯೇ ಮೊದಲನೆಯ ಔಷಧ. ಸೂರಿನ ನೀರು ಗೋಡೆಯಿಂದ ದೂರ ಹೋದರೆ ನೆಲದ ಅಡಿಯ ಮಣ್ಣಿಗೆ ಮಳೆಗಾಲ ಬೇಸಗೆಗಳ ವ್ಯತ್ಯಾಸ ಕಡಿಮೆಯಾಗುತ್ತದೆ.

ಇನ್ನು ಖಂಡ. ತಳ್ಳುಗಾಡಿಯ ಕಬ್ಬಿಣದ ಚಕ್ರ ದಿನಕ್ಕೆ ನೂರು ಸಲ ಹಾಯುವ ಕಡೆ ಎರಡು ಹಲಗೆ ನೆಲಗಳ ಸಂದಿಯ ಅಂಚು ಚೂರುಚೂರಾಗಿ ಕಳಚುತ್ತದೆ. ಮೊದಲು ಚಿಕ್ಕ ಗೀರು, ಆಮೇಲೆ ಅಂಗೈಯಗಲ, ವರ್ಷದೊಳಗೆ ಹಳ್ಳ. ಹಮಾಲಿಯ ಪಾದ ಹೊರಳುವುದು ಇಲ್ಲಿ. ಇದರ ದುರಸ್ತಿಯನ್ನು ಅದೇ ಮೇಸ್ತ್ರಿ ಮಾಡಿದ ಕ್ರಮವನ್ನು ನಿಂತು ನೋಡಿದೆ. ಹಳ್ಳದ ಸುತ್ತ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋದರು. ಗಟ್ಟಿ ನೆಲ ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡ ನೆಲ ಬೊದ್ ಎನ್ನುತ್ತದೆ. ಹಲಸಿನಹಣ್ಣು ಕೊಳ್ಳುವವರಿಗೆ ಈ ವಿದ್ಯೆ ಗೊತ್ತು. ಕಣ್ಣಿಗೆ ಕಂಡ ಹಳ್ಳ ಒಂದು ಮೊರದಷ್ಟು. ಸೀಮೆಸುಣ್ಣದಿಂದ ಗುರುತು ಹಾಕಿದ ಮೇಲೆ ಆದದ್ದು ಒಂದು ಚಾಪೆಯಷ್ಟು. ಗುಂಡಗೆ ಇದ್ದದ್ದನ್ನು ಚೌಕ ಮಾಡಿ, ಯಂತ್ರದಿಂದ ಒಂದಂಗುಲ ಆಳಕ್ಕೆ ನೇರವಾಗಿ ಅಂಚು ಕೊರೆದರು. ಅಂಚು ಇಳಿಜಾರಾಗಿ ತೆಳ್ಳಗಾದರೆ ತೇಪೆ ಮೊದಲು ಅಲ್ಲಿಂದಲೇ ಬಿಚ್ಚುತ್ತದೆ. ಒಳಗಿನ ಸಡಿಲವನ್ನೆಲ್ಲ ಉಳಿಯಿಂದ ಕಡಿದರು. ಧೂಳನ್ನು ಗುಡಿಸಿ, ಊದಿ, ತೊಳೆದು, ರಾತ್ರಿಯೆಲ್ಲ ನೀರು ಕಟ್ಟಿದರು. ಬೆಳಗ್ಗೆ ನಿಂತ ನೀರನ್ನು ಬಟ್ಟೆಯಿಂದ ಒರೆಸಿದರು. ಹಳೆಯ ಕಾಂಕ್ರೀಟಿನ ಹೊಟ್ಟೆ ತುಂಬಿರಬೇಕು, ಮೈ ಒದ್ದೆಯಾಗಿರಬಾರದು. ಆಮೇಲೆ ಸಿಮೆಂಟಿನ ಗಂಜಿಯನ್ನು ಬ್ರಷ್ಷಿನಿಂದ ತಿಕ್ಕಿ, ಅದು ಒಣಗುವ ಮುನ್ನವೇ ಗಟ್ಟಿ ಕಲಸನ್ನು ತುಂಬಿ ದಿಮ್ಮಿಸಿದರು. ಮರದ ಹಲಗೆಯಿಂದ ಮಟ್ಟಮಾಡಿ, ಮೇಲೆ ಬಂದ ನೀರು ತಾನೇ ಆರುವವರೆಗೆ ಕಾದರು. ಆ ಹೊತ್ತಿನಲ್ಲಿ ಹುಡುಗನೊಬ್ಬ ನೀರನ್ನು ಹೀರಲೆಂದು ಒಣ ಸಿಮೆಂಟನ್ನು ಉದುರಿಸಲು ಹೋದನು. ಅವನ ಕೈಯಿಂದ ಡಬ್ಬವನ್ನು ಕಿತ್ತುಕೊಂಡರು. ಉದುರಿಸಿದ ಸಿಮೆಂಟು ಮೇಲೆ ಚಕ್ಕೆಯಾಗಿ ನಿಂತು ಬೇಗ ಬಿಚ್ಚುತ್ತದಂತೆ. ಹಳೆಯ ಸಂದಿ ಇದ್ದ ಗೆರೆಯಲ್ಲಿಯೇ ತೇಪೆಯಲ್ಲಿಯೂ ಸಂದಿ ಬಿಟ್ಟರು. ಅದನ್ನು ಮುಚ್ಚಿದ್ದರೆ ನೆಲ ತನಗೆ ಬೇಕಾದ ಕಡೆ ಹೊಸ ಸಂದಿಯನ್ನು ಮಾಡಿಕೊಳ್ಳುತ್ತಿತ್ತು.

ಈಗ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವ ಬಗೆಬಗೆಯ ಪುಡಿಗಳೂ ರಾಳಗಳೂ ಪೇಟೆಯಲ್ಲಿ ಸಿಗುತ್ತವೆ. ಬೆಳಗ್ಗೆ ಹಾಕಿ ಸಂಜೆ ಗಾಡಿ ಹಾಯಿಸಬಹುದು. ನಿಲ್ಲಿಸಲಾಗದ ಕಾರ್ಖಾನೆಗೆ ಅವು ದೊಡ್ಡ ಅನುಕೂಲವೇ ಸರಿ. ಆದರೆ ಅವಕ್ಕೂ ಕೊರೆದ ಅಂಚು ಬೇಕು, ಧೂಳಿಲ್ಲದ ತಳ ಬೇಕು. ಅಂಟು ಎಷ್ಟೇ ಹೊಸದಾದರೂ ಧೂಳಿಗೆ ಅಂಟಿದ್ದು ಧೂಳಿನೊಡನೆಯೇ ಏಳುತ್ತದೆ. ಕೆಲಸದ ಹೊತ್ತಿನ ಮುಕ್ಕಾಲು ಪಾಲು ಕಡಿಯುವುದಕ್ಕೂ ತೊಳೆಯುವುದಕ್ಕೂ ಹೋಯಿತು. ತುಂಬುವುದಕ್ಕೆ ಹಿಡಿದದ್ದು ಅರ್ಧ ಗಂಟೆ. ಕೂಲಿ ಕೊಡುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ. ಕಣ್ಣಿಗೆ ಕಾಣುವ ಕೆಲಸಕ್ಕೆ ದುಡ್ಡು ಕೊಡುತ್ತಾರೆ, ಮುಚ್ಚಿಹೋಗುವ ಕೆಲಸಕ್ಕೆ ಚೌಕಾಸಿ ಮಾಡುತ್ತಾರೆ. ಯಾವ ಹೆಗ್ಗಡೆಯ ಶಾಸನವೂ ಬೆನ್ನಿಗಿಲ್ಲದ ಮೇಸ್ತ್ರಿ ಈ ಚೌಕಾಸಿಯಲ್ಲಿ ಸೋಲುವುದೇ ಹೆಚ್ಚು. ಸೋತ ದಿನ ತೊಳೆಯುವ ಕೆಲಸವೇ ಮೊದಲು ಬಿಟ್ಟುಹೋಗುತ್ತದೆ.

ಅಂದು ಮಾತ್ರ ಅವರು ಗೆದ್ದಿದ್ದರು. ತೇಪೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಸುತ್ತ ನಾಲ್ಕು ಕಲ್ಲಿಟ್ಟು, ಗೋಡೆಯ ಮೇಲೆ ಇದ್ದಿಲಿನಿಂದ ಏಳು ಗೆರೆ ಎಳೆದರು. ದಿನಕ್ಕೆ ಮೂರು ಸಲ ಚೀಲ ನೆನೆಸಿ ಸಂಜೆ ಒಂದು ಗೆರೆ ಹೊಡೆದುಹಾಕುವಂತೆ ಕಸ ಗುಡಿಸುವ ಹೆಂಗಸಿಗೆ ಹೇಳಿ, ಅದಕ್ಕೆಂದು ಬೇರೆ ಕೂಲಿಯನ್ನು ಯಜಮಾನನಿಂದ ಅಲ್ಲಿಯೇ ಒಪ್ಪಿಸಿದರು.